ಪಟೇಲರ ಪಥ್ಯದ ಕೋಳಿ

ಪಥ್ಯ ಹೇಳುವ ಡಾಕ್ಟರಿಗೂ ಪಥ್ಯ ಮಾಡುವ ಮನೆಗೂ ನಡುವೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ನಾನು ಅರಕಲಗೂಡಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಗ ಜ್ವರದವನಿಗೆ ಗಂಜಿ ಕುಡಿಸಿ ಎಂದರೆ, ಗಂಜಿಯ ಜೊತೆಗೆ ಹಲಸಿನಹಣ್ಣನ್ನೂ ತಿನ್ನಿಸಿ ಕರೆತಂದಿದ್ದರು. "ಬರೀ ಗಂಜಿ ಕುಡ್ದು ಬಾಯಿ ಕೆಟ್ಟೋಗಿತ್ತು ಸಾ" ಎಂದು ಕಾರಣ ಹೇಳಿದರು. ಇಂಥವರು ಒಬ್ಬರೇ ಇಬ್ಬರೇ ಎಂದುಕೊಂಡಿದ್ದೆ. ಹೊಳೆನರಸೀಪುರಕ್ಕೆ ವರ್ಗವಾದ ಮೇಲೆ ಹೊಳೆಯಾಚೆಯ ಊರಿನ ಪಟೇಲರು ಸಿಕ್ಕಿದರು. ಅಂಥವರೆಲ್ಲರ ಎಡವಟ್ಟನ್ನೂ ಅವರೊಬ್ಬರೇ ಮಾಡಿದರು.

ಪಟೇಲರಿಗೆ ಹೊಟ್ಟೆಹುಣ್ಣು. ಹಾಸನದ ದೊಡ್ಡ ಡಾಕ್ಟರು ನೋಡಿ, ಖಾರ, ಎಣ್ಣೆ ಬಿಡದಿದ್ದರೆ ಮೈಸೂರಿಗೆ ಕಳಿಸಿ ಹೊಟ್ಟೆ ಕೊಯ್ಯಿಸಬೇಕಾಗುತ್ತದೆ ಎಂದು ಹೆದರಿಸಿ, ನನ್ನ ಸುಪರ್ದಿಗೆ ಒಪ್ಪಿಸಿದ್ದರು. ಪಟೇಲರು ಅಮಲ್ದಾರರ ಎದುರು ದನಿ ಏರಿಸಿ ಮಾತಾಡುವ ಮನುಷ್ಯ. ಆಪರೇಷನ್ ಎಂದರೆ ಮಾತ್ರ ಬೆವರುತ್ತಿದ್ದರು. ಕೊನೆಯ ಮಗಳ ಮದುವೆ ಬೇರೆ ಗೊತ್ತಾಗಿತ್ತು.

"ಮಗೀನ ಧಾರೆ ಎರೆಯೋಗಂಟ ನನ್ನ ಒಟ್ಟೆ ತಂಟೆಗೆ ಬರ್ಬ್ಯಾಡಿ ಸಾ. ನೀವೇಳಿದಂಗೆ ಕೇಳ್ತೀನಿ. ಕೋಳಿ ಬುಡು ಅಂತ ಮಾತ್ರ ಅನ್ಬ್ಯಾಡಿ" ಎಂದರು.

ಬಿಡಬೇಕಾಗಿಲ್ಲ, ಪಥ್ಯದ ಸಾರು ಮಾಡಿಸಿಕೊಂಡು ತಿನ್ನಿ ಎಂದೆ. ನಾನು ಸಿಕ್ಕಿಕೊಂಡದ್ದು ಅಲ್ಲಿ.

ತಿನ್ನದವನ ಪಾಠ

ಪಥ್ಯದ ಕೋಳಿಸಾರು ಕಷ್ಟದ್ದೇನಲ್ಲ. ಎಳೆಯ ಹ್ಯಾಟೆ, ಅಂದರೆ ಹೆಣ್ಣುಕೋಳಿ ಆಗಬೇಕು. ಚರ್ಮ ಸುಲಿದು, ಕೊಬ್ಬು ತೆಗೆದು, ಚೂರು ಅರಿಸಿನ, ಶುಂಠಿ, ಕೊತ್ತಂಬರಿ ಬೀಜದ ಪುಡಿ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಬೇಕು. ಮೆಣಸಿನಕಾಯಿ ಇಲ್ಲ, ತೆಂಗಿನಕಾಯಿ ಇಲ್ಲ, ಒಗ್ಗರಣೆ ಇಲ್ಲ. ಇದಿಷ್ಟೂ ನಾನು ಪುಸ್ತಕದಲ್ಲಿ ಓದಿದ್ದು. ನಮ್ಮದು ತಿಳಿಸಾರಿನ ಮನೆ. ಕೋಳಿ ಹಾಗಿರಲಿ, ಈರುಳ್ಳಿ ತರುವುದಕ್ಕೂ ತಾಯಿಯ ಅಪ್ಪಣೆ ಬೇಕಾಗಿತ್ತು.

ಪಟೇಲರ ಹೆಂಡತಿ, ಊರವರು ಗೌಡತಿ ಎಂದು ಕರೆಯುವ ದೊಡ್ಡ ಹೆಂಗಸು, ಪೂರ್ತಿ ಕೇಳಿಸಿಕೊಂಡು, "ಇದ ನೀವು ಯಾವತ್ತಾರ ಮಾಡಿದ್ದೀರಾ ಬುದ್ದಿ?" ಎಂದರು.

"ಇಲ್ಲಮ್ಮ."

"ತಿಂದಿದ್ದೀರಾ?"

"ಇಲ್ಲ."

"ಬೇಯೋವಾಗ ವಾಸ್ನೆನಾರ ನೋಡಿದ್ದೀರಾ?"

ಅದಕ್ಕೂ ಇಲ್ಲವೆಂದು ತಲೆಯಾಡಿಸಿದೆ. ಗೌಡತಿ ಸಮಾಧಾನವಾಗಿ ಎದ್ದು ನಿಂತರು. "ಸರಿ ಬುಡಿ, ನೀವೇಳಿದಂಗೇ ಮಾಡ್ತೀನಿ. ತಿನ್ನದೋರು ಏಳಿದ್ದು ತಿನ್ನೋಂಗಿರಾಕಿಲ್ಲ. ಪಥ್ಯ ಅಂದ್ರೆ ಅದೇ ಅಲ್ವಾ."

ಎರಡು ಮಡಕೆ

ಮುಂದಿನ ಸಂತೆಯ ದಿನ ಪಟೇಲರು ಹೊಟ್ಟೆ ಹಿಡಿದುಕೊಂಡೇ ಗಾಡಿಯಿಂದ ಇಳಿದರು. ಪಥ್ಯದ ಸಾರು ಮಾಡಲಿಲ್ಲವೇ ಎಂದೆ. ಮಾಡಿದ್ದರಂತೆ. ಆದರೆ ಅವರ ಕಡೆ ಒಬ್ಬನಿಗೋಸ್ಕರ ಕೋಳಿ ಕೊಯ್ಯುವ ಪದ್ಧತಿ ಇಲ್ಲ. ಕೊಯ್ದ ಮೇಲೆ ಅಣ್ಣತಮ್ಮಂದಿರ ಮನೆಗೆ ಹೇಳಿ ಕಳಿಸಲೇಬೇಕು. ಹೇಳಿ ಕಳಿಸಿದರು, ಅವರೂ ಬಂದರು. ಬಂದವರಿಗೆ ಸಪ್ಪೆ ಸಾರು ಬಡಿಸುವುದಕ್ಕಾಗುತ್ತದೆಯೇ? ಇನ್ನಷ್ಟು ಕೋಳಿ ಹಿಡಿದು, ಖಾರ ಅರೆದು, ಬೇರೆ ಮಡಕೆ ಇಟ್ಟರು.

"ನೀವು ಪಥ್ಯದ್ದನ್ನೇ ತಿಂದಿರಿ ತಾನೆ?" ಎಂದೆ.

"ತಿಂದೆ ಸಾ. ಮನೆ ಯಜಮಾನ ಆದೋನು ನೆಂಟ್ರ ಜೊತೇಲಿ ಕುಂತ್ಕಂಡು, ಅವ್ರು ತಿನ್ನೋದ್ನ ಮುಟ್ದೆ ಇದ್ರೆ ಏನಂದ್ಕಂಡಾರು? ಅದ್ನೂ ತಿಂದೆ. ಮೊದ್ಲು ಒಟ್ಟೆಗೆ ತಿಂದೆ, ಆಮ್ಯಾಕೆ ಮರ್ವಾದೆಗೆ ತಿಂದೆ."

"ಹಾಗಾದರೆ ನೋವು ಯಾವುದರಿಂದ ಬಂತು ಅಂತ ನೀವೇ ಹೇಳಿ."

ಪಟೇಲರು ಪ್ರಾಮಾಣಿಕವಾಗಿ ಯೋಚನೆ ಮಾಡಿದರು. "ಪಥ್ಯದ್ದರಿಂದ್ಲೇ ಇರ್ಬೇಕು ಸಾ. ಇನ್ನೊಂದು ನಂಗೆ ಅಭ್ಯಾಸ ಐತಲ್ಲ."

ಸೋಮವಾರ, ಶನಿವಾರ

ಎರಡನೇ ಮಡಕೆ ಇಡಕೂಡದು ಎಂದು ಗೌಡತಿಗೆ ಕಟ್ಟುನಿಟ್ಟು ಮಾಡಿದೆ. ಆಕೆ ಮಾತಿಗೆ ತಪ್ಪುವವರಲ್ಲ. ಆದರೂ ನೋವು ಹೋಗಲಿಲ್ಲ. ವಿಚಾರಿಸಿದರೆ, ಸೋಮವಾರ ಶಿವನ ವಾರ, ಶನಿವಾರ ಮನೆದೇವರ ವಾರ. ಆ ದಿನಗಳಲ್ಲಿ ಕೋಳಿ ಮುಟ್ಟುವಂತಿಲ್ಲ. ಒಳ್ಳೆಯದೇ ಆಯಿತು, ಅವತ್ತು ಏನು ತಿನ್ನುತ್ತೀರಿ ಎಂದೆ. ಹುರುಳಿಕಾಳಿನ ಬಸ್ಸಾರು, ಮುದ್ದೆ, ನಂಚಿಕೊಳ್ಳುವುದಕ್ಕೆ ಕರಿದ ಮೆಣಸಿನಕಾಯಿ.

"ಖಾರ ಬೇಡ ಅಂತ ಎಷ್ಟು ಸಲ ಹೇಳಿದ್ದೇನೆ ಪಟೇಲರೇ" ಎಂದು ರೇಗಿದೆ.

ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. ಹೆಂಡತಿಯ ಮುಖ ನೋಡಿದರು. ಆಕೆಯೂ ಗಂಡನ ಪರವೇ.

"ನೀವು ಖಾರ ಆಕ್ಬ್ಯಾಡ ಅಂದಿದ್ದು ಕೋಳಿಗಲ್ವಾ ಬುದ್ದಿ. ಬಸ್ಸಾರಿನ ಇಚಾರ ನೀವು ಎತ್ತಲೇ ಇಲ್ಲ."

ಬೀಗರ ಊಟ

ಆಮೇಲೆ ಯಾವ ದಿನವೂ ಯಾವ ಸಾರಿಗೂ ಖಾರ ಹಾಕಬಾರದು ಎಂದು ಬಿಡಿಸಿ ಹೇಳಿದೆ. ಗೌಡತಿ ಮೆಣಸಿನಕಾಯಿ ಗಡಿಗೆಯನ್ನೇ ನಾದಿನಿಯ ಮನೆಗೆ ಸಾಗಿಸಿಬಿಟ್ಟರು. ಪಟೇಲರು ಗುಣವಾಗುತ್ತ ಬಂದರು. ಮಗಳ ಮದುವೆಯೂ ಸಾಂಗವಾಯಿತು. ಉಳಿದದ್ದು ಬೀಗರ ಊಟ, ಚನ್ನರಾಯಪಟ್ಟಣದ ಹತ್ತಿರ ಗಂಡಿನ ಮನೆಯಲ್ಲಿ. ಬೀಗರ ಊಟ ಎಂದರೆ ಬಾಡೂಟ. ಹೆಣ್ಣಿನ ತಂದೆ ತಿನ್ನದೆ ಎದ್ದರೆ ಗಂಡಿನ ಕಡೆಯವರಿಗೆ ಅವಮಾನ, ಮಗಳು ಅದನ್ನು ಜನ್ಮವೆಲ್ಲ ಕೇಳಿಸಿಕೊಳ್ಳಬೇಕು. ತಿಂದರೆ ಮೈಸೂರು. ಪಟೇಲರು ನನ್ನ ಮುಂದೆ ಕೂತು ಕಣ್ಣೊರೆಸಿಕೊಂಡರು. ನನಗೆ ನಿಜವಾಗಿಯೂ ಸಂಕಟವಾಯಿತು.

ಗೌಡತಿ ಧೈರ್ಯ ಮಾಡಿ ಬೀಗಿತ್ತಿಗೆ ವಿಷಯ ತಿಳಿಸಿ, ಪಥ್ಯದ ಸಾರು ಮಾಡುವ ಕ್ರಮವನ್ನೂ ಹೇಳಿ ಕಳಿಸಿದರು. ಜೊತೆಗೆ ನೀವೂ ಬನ್ನಿ ಎಂದು ಪಟೇಲರು ಹಟ ಹಿಡಿದರು. ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು. ದಿಬ್ಬ ಬಂದಲ್ಲೆಲ್ಲ ಇಳಿದು ನೂಕಿಕೊಂಡು ಹೋಗಿ ತಲುಪಿದೆ.

ಹಿತ್ತಿಲಲ್ಲಿ ಕೊಪ್ಪರಿಗೆಗಳು ಸಾಲಾಗಿ ಒಲೆಯ ಮೇಲಿದ್ದವು. ಊಟಕ್ಕೆಂದು ತಂದಿದ್ದ ಕುರಿಗಳು ಪಕ್ಕದಲ್ಲೇ ಹಾಯಾಗಿ ಸೊಪ್ಪು ತಿನ್ನುತ್ತಿದ್ದವು. ಬಗ್ಗಿ ನೋಡಿದೆ. ಎಲ್ಲ ಕೊಪ್ಪರಿಗೆಯಲ್ಲೂ ತಿಳಿ ಹಳದಿ ನೀರು, ಅದರಲ್ಲಿ ಬೆಳ್ಳನೆಯ ಕೋಳಿ. ಇದೇನು ಎಂದು ಗಂಡಿನ ತಂದೆಯನ್ನು ಕೇಳಿದೆ.

"ಬೀಗ್ರಿಗೊಂದು, ಮಿಕ್ಕೋರಿಗೊಂದು ಬಡ್ಸಿದ್ರೆ ಪಂಕ್ತಿಭೇದ ಆಯ್ತದೆ ಸಾ. ನಮ್ಮ ಮನೇಲಿ ಅಂಥದ್ದು ನಡ್ದಿಲ್ಲ. ಬೀಗ್ರು ಏನುಣ್ತಾರೋ ಊರೆಲ್ಲಾ ಅದೇ ಉಣ್ಲಿ."

ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ ಬಂತು. ಎಲೆ ಹಾಕಿದರು. ಬೆಳಗಿನಿಂದ ಹಸಿದುಕೊಂಡು ಕಾದಿದ್ದ ಊರಿನವರು ಮೊದಲ ತುತ್ತಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡಿದರು. ಬೀಗರ ಊಟದಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿಲ್ಲ. ಪಟೇಲರು ಮಾತ್ರ ಎರಡನೇ ಸಲ ಹಾಕಿಸಿಕೊಂಡು ಉಂಡು ತೇಗಿದರು. ಅವರ ಹೊಟ್ಟೆಯೂ ಉಳಿಯಿತು, ಮಗಳ ಮಾನವೂ ಉಳಿಯಿತು.

ನಾನು ಜಗಲಿಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದೆ. ಗಂಡಿನ ಕಡೆಯ ಹಿರಿಯರೊಬ್ಬರು, ಹಿಂದೆ ಇನ್ನೂ ಕೆಲವರನ್ನು ಕಟ್ಟಿಕೊಂಡು ಬಂದರು. ಪ್ಲೇಗ್ ಬಂದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಅವರೆಲ್ಲ ಅದನ್ನು ಅನುಭವಿಸಿದವರೇ. ಹಿರಿಯರು ನಾಡಿ ನೋಡಿ ಎಂಬಂತೆ ನನ್ನ ಮುಂದೆ ಕೈ ಚಾಚಿ, ದನಿ ತಗ್ಗಿಸಿದರು.

"ಮದ್ವೆ ಮನೆ, ನೀವು ಬಾಯಿಬುಟ್ಟು ಏಳಂಗಿಲ್ಲ, ನಮಗೂ ಗೊತ್ತಾಯ್ತದೆ. ಡಾಕ್ಟ್ರು ಖುದ್ದಾಗಿ ಬಂದು ನಿಂತ್ಕಂಡು ಊರಿಗೆಲ್ಲಾ ಪಥ್ಯ ಆಕ್ಸವ್ರೆ ಅಂದ್ಮ್ಯಾಲೆ ಸಣ್ಣ ಕಾಯ್ಲೆ ಅಲ್ಲ. ಗುಡ್ಲಿಗೆ ಗಳ ಇವತ್ತೇ ಕಡುಸ್ಬೇಕೋ, ನಾಳೀಕಾದ್ರೂ ಆಯ್ತದೋ, ಅಷ್ಟು ಏಳ್ಬುಡಿ ಸಾ."