ಪೆಗ್ಗಿಯ ಹಿಕ್ಕೆ

ಅಡಿಲೇಡಿನ ತಂಗಿಯ ಮನೆಗೆ ಹೊರಟ ನೊರೀನ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಗಂಡನಿಗೆ ಮತ್ತೊಮ್ಮೆ ಹೇಳಿದಳು. "ಪೆಗ್ಗಿ ಊಟ ಬಿಟ್ಟಿದಾಳೆ. ಹೊಟ್ಟೇಲಿ ಹುಳ ಆಗಿರ್ಬೇಕು. ಗುರುವಾರ ಪ್ರಾಣಿ ಡಾಕ್ಟ್ರು ಊರಿಗೆ ಬರ್ತಾರಲ್ಲ, ಹಿಕ್ಕೆ ತಗೊಂಡ್ಹೋಗಿ ತೋರ್ಸು. ತಾಜಾ ಇರ್ಬೇಕು ಲೈಲ್! ಹೋದ್ಸಲದ ಥರ ಒಣಗಿಸ್ಕೊಂಡು ಹೋಗ್ಬೇಡ."

ಪೆಗ್ಗಿ ಅವರ ಮನೆಯ ಗಡ್ಡದ ಓತಿ. ಆರು ವರ್ಷದಿಂದ ನೊರೀನಳ ಹೆಗಲ ಮೇಲೆ ಕೂತು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ಬಂದಿರುವ ಸಾಧು ಜೀವ. ಅದಕ್ಕೇನಾದರೂ ಆದರೆ ಹೆಂಡತಿ ತನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ ಎಂಬ ವಿಷಯದಲ್ಲಿ ಲೈಲ್ ಪಾಸ್ಕೋನಿಗೆ ಅನುಮಾನವೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಪೆಗ್ಗಿಯ ಗಾಜಿನ ಪೆಟ್ಟಿಗೆ ಖಾಲಿ. ರಾತ್ರಿ ಸೊಪ್ಪು ಹಾಕಿದವನು ಮುಚ್ಚಳ ಹಾಕುವುದನ್ನು ಮರೆತಿದ್ದ. ಸೋಫಾದ ಕೆಳಗೆ ತಲೆ ತೂರಿಸಿ ಹುಡುಕುತ್ತಿದ್ದಾಗ ಪಕ್ಕದ ಮನೆಯ ಡಾಟ್ ಕೂಗಿದಳು.

"ಲೈಲ್! ನಿಮ್ ಪೆಗ್ಗಿ ಇಲ್ಲಿ ನನ್ನ ಬೇಲಿ ಮೇಲೆ ಬಿಸಿಲು ಕಾಯ್ತಾ ಕೂತಿದಾಳೆ ನೋಡೋ!"

ಲೈಲ್ ಬರಿಗಾಲಲ್ಲೇ ಓಡಿದ. ಓತಿ ಗೂಟದ ತುದಿಯಲ್ಲಿ ಊರಿಗೇ ಯಜಮಾನನ ಹಾಗೆ ಕೂತಿತ್ತು. ಅವನು ಮುದ್ದಿನಿಂದ ಕೈ ಚಾಚಿದ್ದೇ ತಡ, ಗಡ್ಡವೆಲ್ಲ ಕಪ್ಪಾಗಿ ಉಬ್ಬಿತು. ಬೆರಳಿಗೆ ಬಾಯಿ ಬಿತ್ತು.

"ಅಯ್ಯೋ! ಕಚ್ಬಿಟ್ಲಲ್ಲ!"

"ಹುಳ ಕಣೋ, ಹುಳ," ಎಂದಳು ಡಾಟ್. "ಹೊಟ್ಟೇಲಿ ಹುಳ ಇಟ್ಕೊಂಡು ಯಾರು ತಾನೇ ನಗ್ತಾ ಇರ್ತಾರೆ?"

ಗದ್ದಲ ಕೇಳಿ ಎದುರು ಮನೆಯ ಬಾರಿ ಎಂಬಾತ ಬಂದ. ಕೊಳಾಯಿ ಕೆಲಸ ಮಾಡಿ ನಿವೃತ್ತನಾದವನು. ತಾಜಾ ಹಿಕ್ಕೆ ಬೇಕೆಂಬ ವಿಷಯ ತಿಳಿದು ಅಂಗಿಯ ತೋಳು ಮಡಚಿದ. "ಈ ಊರಿನ ಅರ್ಧ ಚರಂಡಿಗಳ ಕಟ್ಟು ಬಿಡಿಸಿದವನು ನಾನು. ಒಂದು ಓತಿ ಯಾವ ಲೆಕ್ಕ ಬಿಡಯ್ಯಾ. ಬಿಸಿನೀರು ಕಾಯ್ಸು."

ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಬಿಸಿನೀರಿನ ಸ್ನಾನವಾಯಿತು. ಓತಿ ಒಂದೇ ನೆಗೆತಕ್ಕೆ ಕಿಟಕಿಯ ಪರದೆ ಏರಿತು, ಇಳಿಸಲು ಹೋದ ಬಾರಿಯ ಕನ್ನಡಕ ನೀರುಪಾಲಾಯಿತು. ಡಾಟ್ ಕುಂಬಳಕಾಯಿ ಬೇಯಿಸಿ ಅರೆದು ತಂದಳು. ಓತಿ ಕುಂಬಳಕಾಯಿಯನ್ನೂ ತಿಂದಿತು, ಚಮಚವನ್ನೂ ಬಿಡದೆ ಕಚ್ಚಿ ಹಿಡಿಯಿತು. ಹಿಕ್ಕೆ ಮಾತ್ರ ಇಲ್ಲ.

"ಕುಲುಕಾಟ ಬೇಕು ಇದಕ್ಕೆ," ಎಂದು ಬಾರಿ ತನ್ನ ಹಳೆಯ ಪಿಕಪ್ ಗಾಡಿ ತೆಗೆದ. ಗಣಿಯ ಹಿಂದಿನ ಜಲ್ಲಿ ರಸ್ತೆಯಲ್ಲಿ ಓತಿಯನ್ನೂ ಲೈಲನನ್ನೂ ಮನಸಾರೆ ಎತ್ತೆತ್ತಿ ಕುಕ್ಕಿಸಿಕೊಂಡು ಬಂದ. ಲೈಲನಿಗೆ ವಾಂತಿ ಬರುವಂತಾಯಿತು. ಓತಿ ಕಿಟಕಿಯಾಚೆ ನೋಡುತ್ತಾ ಸವಾರಿಯನ್ನು ಸವಿಯಿತು.

ನಮ್ಮ ಬೀದಿಯವರನ್ನು ಮೆಚ್ಚಲೇಬೇಕು. ಒಂದು ಓತಿಯ ಕರುಳಿಗಾಗಿ ಬಾರಿ ಕ್ಲಬ್ಬಿನಲ್ಲಿ ಚೆಂಡುರುಳಿಸುವ ಬೌಲ್ಸ್ ಪಂದ್ಯ ಬಿಟ್ಟ. ಡಾಟ್ ಓವನ್ನಿನಲ್ಲಿ ಸ್ಕೋನ್ ಬನ್ನು ಕರಕಲಾಗುತ್ತಿರುವ ವಾಸನೆ ಬಂದರೂ ಅಲುಗಾಡಲಿಲ್ಲ. ಇಂಥ ಜನ ಬೇರೆ ಕಡೆ ಇದ್ದಾರೆಂದು ನನಗನ್ನಿಸುವುದಿಲ್ಲ.

ಕೊನೆಗೆ ಸೋತು, ಓತಿಯನ್ನು ಪೆಟ್ಟಿಗೆಗೆ ಬಿಟ್ಟು, ಮೂವರೂ ಚಹಾ ಹಿಡಿದು ಕೂತರು.

"ಡಾಕ್ಟ್ರು ಹೊರಡೋ ಹೊತ್ತಾಯ್ತು," ಎಂದ ಲೈಲ್ ಅಳುವವನ ಹಾಗೆ. "ಇನ್ನು ಮುಂದಿನ ತಿಂಗ್ಳೇ. ಸಂಜೆ ನೊರೀನ್ ವಾಪಸ್ ಬಂದ್ರೆ ಏನು ಹೇಳ್ಲಿ?"

"ಶ್!" ಎಂದಳು ಡಾಟ್.

ಓತಿ ನೀರಿನ ತಟ್ಟೆಯ ಅಂಚಿಗೆ ಬಂದು ಬಾಲ ಎತ್ತಿತು. ಎಲ್ಲರೂ ಉಸಿರು ಹಿಡಿದರು. ಅರ್ಧ ತಟ್ಟೆಯೊಳಗೆ, ಅರ್ಧ ಮರಳಿನ ಮೇಲೆ, ಎಷ್ಟು ಧಾರಾಳವಾಗಿ ಕೊಟ್ಟಿತೆಂದರೆ ಬಾರಿ ಟೋಪಿ ತೆಗೆದ. ಆಮೇಲೆ ಅದನ್ನೇ ತುಳಿದುಕೊಂಡು ಪೆಟ್ಟಿಗೆಯ ತುಂಬ ಓಡಾಡಿತು.

"ಇದಪ್ಪಾ ಹೆಣ್ಣು ಅಂದ್ರೆ!" ಎಂದು ಡಾಟ್ ಚಪ್ಪಾಳೆ ತಟ್ಟಿದಳು.

ಕೈಗೆ ಸಿಕ್ಕಷ್ಟನ್ನು ಜಾಮ್ ಬಾಟಲಿಗೆ ಬಳಿದುಕೊಂಡು, ಓತಿಯನ್ನು ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು ಲೈಲ್ ಓಡಿದ. ಕಾರು ಹತ್ತುತ್ತಿದ್ದ ಡಾಕ್ಟರಮ್ಮ ಅವನ ಮುಖ ನೋಡಿ ಮರುಕಪಟ್ಟು ಮತ್ತೆ ಕ್ಲಿನಿಕ್ಕಿನ ಬಾಗಿಲು ತೆಗೆದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಶಿಳ್ಳೆ ಹಾಕಿದಳು.

"ಅಬ್ಬಬ್ಬಾ! ಹುಳದ ಮೊಟ್ಟೆಗಳ ಜಾತ್ರೇನೇ ಇದೆ. ಇಷ್ಟೊಂದು ಒಂದೇ ಕಡೆ ನಾನು ನೋಡೇ ಇಲ್ಲ."

ದಿನವೆಲ್ಲ ಪಟ್ಟ ಪಾಡು ಸಾರ್ಥಕವಾಯಿತೆಂದು ಲೈಲನಿಗೆ ಹೆಮ್ಮೆಯೇ ಆಯಿತು.

ಅವಳು ಡಬ್ಬದ ಮುಚ್ಚಳ ತೆಗೆದು ಓತಿಯನ್ನು ಮಗುಚಿ ನೋಡಿದಳು. "ಇವನನ್ನ ಎಷ್ಟು ವರ್ಷದಿಂದ ಸಾಕಿದೀರಿ?"

"ಆರು ವರ್ಷ... ಇವನನ್ನ?"

"ಗಂಡು ಇದು. ಕಿವಿ ಹಿಂದೆ ಉಣ್ಣಿ ನೋಡಿ, ಮನೇಲಿ ಬೆಳೆದದ್ದಲ್ಲ. ಎಲ್ಲಿ ಸಿಕ್ತು?"

"ಬೇಲಿ ಮೇಲೆ."

"ಈ ಊರಲ್ಲಿ ಬೇಲಿಗೊಂದು ಕೂತಿರತ್ತಲ್ರೀ! ಕಾಡಿನದನ್ನ ಹಿಡಿಯೋ ಹಾಗಿಲ್ಲ. ಎಲ್ಲಿಂದ ತಂದ್ರೋ ಅಲ್ಲೇ ಬಿಡಿ."

"ಹಾಗಾದ್ರೆ ನಮ್ ಪೆಗ್ಗಿ?"

"ಊಟ ಬಿಟ್ಟಿದ್ಲು ಅಂದ್ರಲ್ಲ? ಚಳಿ ಶುರುವಾಯ್ತು. ಮರಳಲ್ಲಿ ಹೂತ್ಕೊಂಡು ನಿದ್ದೆ ಹೊಡೀತಿರ್ತಾಳೆ. ಅದು ಕಾಯಿಲೆ ಅಲ್ಲ." ಡಾಕ್ಟರಮ್ಮ ತಟ್ಟನೆ ತಲೆ ಎತ್ತಿದಳು. "ಇವನನ್ನ ಅವಳ ಪೆಟ್ಟಿಗೆಗೆ ಬಿಟ್ಟಿಲ್ಲ ತಾನೆ?"

ಲೈಲ್ ಅಷ್ಟು ಹೊತ್ತಿಗೆ ಬಾಗಿಲು ದಾಟಿದ್ದ.

ಡಾಟ್ ಮನೆಯ ಬೇಲಿಗೆ ಬಿಟ್ಟ ಕೂಡಲೇ ಓತಿ ಗೂಟವೇರಿ, ಗಡ್ಡ ಉಬ್ಬಿಸಿ, ತಲೆ ಕುಣಿಸಿತು. ಸ್ನಾನ, ಊಟ, ಸವಾರಿ ಎಲ್ಲ ಮುಗಿಸಿಕೊಂಡು ಬಂದರೂ ಅದರ ಗತ್ತು ಒಂದಿಷ್ಟೂ ಇಳಿದಿರಲಿಲ್ಲ. ಸೊಗಸಾದ ಪ್ರಾಣಿ, ಹೇಳಲೇಬೇಕು.

ಲೈಲ್ ಒಳಗೆ ನುಗ್ಗಿದರೆ ಹಜಾರದಲ್ಲಿ ನೊರೀನಳ ಚೀಲವಿತ್ತು. ಡಾಟ್ ಮತ್ತು ಬಾರಿ ಗೋಡೆಗೊರಗಿ, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು.

"ಬಾ ಲೈಲ್, ಇಲ್ನೋಡು!" ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ ನೊರೀನಳ ಮುಖ ಅರಳಿತ್ತು. "ನನ್ನ ದನಿ ಕೇಳಿದ್ದೇ ತಡ ಮರಳಿಂದ ಎದ್ದು ಬಂದ್ಲು ನನ್ನ ಬಂಗಾರ! ಎಷ್ಟು ಬಾಯಾರಿತ್ತೋ ಪಾಪ, ತಟ್ಟೆ ನೀರು ಪೂರ್ತಿ ಕುಡಿದು ಖಾಲಿ ಮಾಡಿದಾಳೆ. ಡಾಕ್ಟ್ರು ಏನಂದ್ರು? ಹೊಟ್ಟೇಲಿ ಹುಳ ಇತ್ತಂತಾ?"

ಲೈಲ್ ಟೋಪಿ ತೆಗೆದು ಕುರ್ಚಿಯ ಮೇಲೆ ಕುಸಿದ.

"ಬೆಳಿಗ್ಗೆವರೆಗೂ ಇರ್ಲಿಲ್ವಂತೆ," ಎಂದ.