ಜಪಾನಿಗೆ ಹೋದ ಬದನೆಕಾಯಿ ಪಾಠ

ಸಿಂದಗಿಯ ಮಕ್ಕಳಿಗೆ ಜಮಾ-ಖರ್ಚು ಕಲಿಸಿ ಕಲಿಸಿ ನಿವೃತ್ತರಾದ ಅಬ್ದುಲರಜಾಕ ಮಾಸ್ತರರಿಗೆ ಒಂದೇ ಕೊರಗು. ಈಗ ಅವರ ಮಾತು ಕೇಳುವವರು ಯಾರೂ ಇಲ್ಲ. ಹೆಂಡತಿ ಬಿಬಿಜಾನ ಇದ್ದಾರಲ್ಲ ಎನ್ನಬೇಡಿ. ಆಕೆ ಕೇಳುವವರ ಪೈಕಿಯಲ್ಲ, ಹೇಳುವವರ ಪೈಕಿ.

ಹೀಗಿರುವಾಗ ಒಸಾಕಾದ ಬಿಡಿಭಾಗಗಳ ಕಂಪನಿಯಲ್ಲಿದ್ದ ಹಳೆಯ ಶಿಷ್ಯ ಇಜಾಜ ಫೋನು ಮಾಡಿದ. "ಸರ್, ನಮ್ಮ ಆಫೀಸಿನ್ಯಾಗ ಅಯಾಕಾ ಅಂತ ಒಬ್ಬ ಹುಡಿಗಿ ಅದಾಳ್ರಿ. ಇಂಡಿಯಾದ ಕೂಡ ಖರೀದಿ ಮಾಡೋ ವಿಭಾಗಕ್ಕ ಹೋಗಾಕ ಪರೀಕ್ಷಾ ಕೊಡಬೇಕು. ಇಮೇಲಿನ್ಯಾಗ ಒಂಚೂರು ಅಕೌಂಟ್ಸು, ಇಂಗ್ಲಿಷು ಕಲಸ್ತೀರೇನ್ರಿ?"

ಮಾಸ್ತರರು ಕುರ್ಚಿಯಿಂದ ಒಂದು ಗೇಣು ಮೇಲೆದ್ದರು. ಸಂಜೆಯೊಳಗೆ ಇಂಡಿ ತಾಲೂಕಿನಿಂದ ಮುದ್ದೇಬಿಹಾಳದವರೆಗಿನ ಬೀಗರಿಗೆಲ್ಲ ಸುದ್ದಿ ಮುಟ್ಟಿತು: ಅಬ್ದುಲರಜಾಕ ಮಾಸ್ತರರು ಅಂತರರಾಷ್ಟ್ರೀಯ ಗುರುಗಳಾಗಿದ್ದಾರೆ, ಹುಡುಗಿ ಫೇಲಾದರೆ ತಮ್ಮ ಹೆಸರನ್ನೇ ಬದಲಾಯಿಸಿಕೊಳ್ಳುತ್ತಾರೆ!

"ಹೆಸರು ಬದಲ್ ಮಾಡಬ್ಯಾಡ್ರಿ," ಎಂದರು ಬಿಬಿಜಾನ. "ರೇಶನ್ ಕಾರ್ಡ್ ತಿದ್ದಸಾಕ ಕಚೇರಿಗೆ ಓಡ್ಯಾಡಾಕಿ ನಾನು."

ಅಯಾಕಾಳಿಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸುಲಭ. ಇಂಗ್ಲಿಷೂ ಬರುತ್ತಿತ್ತು. ತೊಡಕೆಲ್ಲ ಅವಳ ವಿನಯದ್ದು. ಬೆಲೆ ಇಳಿಸಿರೆಂದು ವ್ಯಾಪಾರಿಗೆ ಪತ್ರ ಬರೆ ಎಂದರೆ, ಮೊದಲು ಅವನ ಊರಿನ ಹವೆ ವಿಚಾರಿಸಿ, ಅವನ ಅಮೂಲ್ಯ ಸಮಯ ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳಿ, ಬೆಲೆಯ ವಿಷಯ ಎತ್ತಿದ್ದಕ್ಕೆ ಮತ್ತೊಮ್ಮೆ ಕ್ಷಮೆ ಕೇಳಿ ಮುಗಿಸುತ್ತಿದ್ದಳು. ಓದಿದ ವ್ಯಾಪಾರಿ ಕಣ್ಣೊರೆಸಿಕೊಂಡು ಬೆಲೆ ಏರಿಸಬೇಕು, ಹಾಗಿರುತ್ತಿತ್ತು ಪತ್ರ. ಪರೀಕ್ಷೆಯಲ್ಲಿ ಇದೇ ಮುಖ್ಯ ಪ್ರಶ್ನೆಯಂತೆ! ಮಾಸ್ತರರು ಆ ಪತ್ರವನ್ನು ಹೆಂಡತಿಗೆ ಓದಿ ಹೇಳಿದರು.

"ಚೌಕಾಸಿ ಕಲಸ್ರಿ ಆಕಿಗೆ," ಎಂದರು ಬಿಬಿಜಾನ.

"ಪುಸ್ತಕದಾಗ ಅದರ ಪಾಠ ಇಲ್ಲ."

"ನಿಮ್ದೆಲ್ಲಾ ಪುಸ್ತಕದ ಬದನೀಕಾಯಿ. ಖರೇ ಬದನೀಕಾಯಿ ತರಾಕ ದೇವರ ಹಿಪ್ಪರಗಿ ಸಂತಿಗೆ ಹೊಂಟೇನಿ, ಬರ್ರಿ ನನ್ನ ಕೂಡ."

(ಮಾಸ್ತರರು ಒಬ್ಬರೇ ಸಂತೆಗೆ ಹೋಗುವುದನ್ನು ಆಕೆ ಎಂದೋ ನಿಷೇಧಿಸಿದ್ದರು. ಕೇಳಿದಷ್ಟು ಕೊಟ್ಟು, ಮೇಲೆ ಥ್ಯಾಂಕ್ಯೂ ಎಂದೂ ಹೇಳಿ ಬರುವ ಗಂಡಸು ಅದು.)

ಸಂತೆಯಲ್ಲಿ ಮಾಸ್ತರರು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೊಬೈಲು ಹಿಡಿದು, ಹೆಂಡತಿಯ ಬಾಯಿಂದ ಉದುರಿದ್ದನ್ನೆಲ್ಲ ಟೈಪು ಮಾಡುತ್ತ ಹಿಂದೆ ನಡೆದರು. ಕಾಯಿಪಲ್ಲೆ ಮಾರುವ ಸಾವಿತ್ರವ್ವನ ಮುಂದೆ ರಣಕಹಳೆ ಮೊಳಗಿತು.

"ಹೆಂಗ ಕೊಟ್ಟಿಯವಾ?"

"ಕಿಲೋಕ್ಕ ಅರವತ್ತು."

"ಬದನೀಕಾಯಿ ಕೇಳೇನಿ, ಬಂಗಾರಲ್ಲ. ಮೂವತ್ತಕ್ಕ ಹಾಕು."

"ಗಿಟ್ಟೂದಿಲ್ಲ ಯಕ್ಕಾ!"

"ಹಂಗಾರ ಬಿಡು, ಹೊಂಟ್ನಿ." ಬಿಬಿಜಾನ ಹೊರಟೇಬಿಟ್ಟರು. ಮಾಸ್ತರರು ಗಾಬರಿಯಾಗಿ ಹಿಂದೆ ಓಡಿದರು. ಮೂಲೆ ತಿರುಗುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು: "ಬಾ ಯಕ್ಕಾ, ಬಾ! ನಲವತ್ತಕ್ಕ ಒಯ್ಯಿ!"

ಆ ಮಹಾಸಂಗ್ರಾಮವನ್ನು ಮಾಸ್ತರರು ಬಿಬಿಜಾನರ ಹೆಸರಿನ ಸಮೇತ ಭರ್ಜರಿ ಇಂಗ್ಲಿಷಿಗೆ ಇಳಿಸಿ, "ಬಾಯಿಪಾಠ ಮಾಡಿ ಎಲ್ಲ ವ್ಯವಹಾರದಲ್ಲೂ ಬಳಸತಕ್ಕದ್ದು" ಎಂಬ ಅಪ್ಪಣೆಯೊಂದಿಗೆ ಒಸಾಕಾಕ್ಕೆ ರವಾನಿಸಿದರು. ಅಯಾಕಾ ಗುರುವಾಕ್ಯ ಮೀರುವ ಹುಡುಗಿಯಲ್ಲ.

ಮುಂದಿನ ಪಾಠಕ್ಕೆ ಹತ್ತು ಲೆಕ್ಕ ಕಳಿಸಿದರು. ಉತ್ತರ ಬಂತು: "ಹತ್ತೇ? ಲೆಕ್ಕ ಕೇಳಿದ್ದೇನೆ, ಬಂಗಾರವಲ್ಲ. ಮೂರು ಮಾಡುತ್ತೇನೆ."

ಮಾಸ್ತರರ ಪಿತ್ತ ನೆತ್ತಿಗೇರಿತು. "ಹತ್ತು!" ಎಂದು ಬರೆದರು.

"ಹಾಗಾದರೆ ಬಿಡಿ. ಹೊರಟೆ."

ಹೊರಟಳು ಎಂದರೆ ಹೊರಟೇಹೋದಳು. ವಾರವಾಯಿತು, ಇಮೇಲಿಲ್ಲ. ಪರೀಕ್ಷೆ ಹತ್ತಿರ ಬಂತು. ಮಾಸ್ತರರು ಗಳಿಗೆಗೊಮ್ಮೆ ಮೊಬೈಲು ತೆರೆದು ನೋಡತೊಡಗಿದರು.

"ಹುಡಿಗಿ ಸಿಟ್ಟಾಗ್ಯಾಳ. ಬೀಗರ ಮುಂದ ನನ್ನ ಮಾನ ಹರಾಜಾತು!"

"ಅಯ್ಯ, ಸಿಟ್ಟಲ್ರಿ ಅದು! ಆಕಿ ಮೂಲ್ಯಾಗ ನಿಂತು ಹಾದಿ ನೋಡಾಕತ್ತಾಳ. ನೀವು ಹಿಂದಿಂದ ಕರದೇ ಇಲ್ಲ. ಕರೀರಿ!"

"ಗುರು ಅನ್ನಾಂವ ಹಿಂದಿಂದ ಕರೀಬೇಕೇನು?"

"ಮಾಲು ಕೊಳತು ಹಾಳಾಗಾಕತ್ತಿದ್ದು ಯಾರ್ದು?"

ಅಂತರರಾಷ್ಟ್ರೀಯ ಗುರುಗಳು ಬರೆದರು: "ಬಾರಮ್ಮಾ, ಬಾ. ಆರಕ್ಕೆ ಒಯ್ಯಿ." ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: "ನಾಲ್ಕು." ನಾಲ್ಕಕ್ಕೆ ಕುದುರಿತು. (ಪಾಪ, ವಾರವಿಡೀ ಮೊಬೈಲು ಕೈಯಲ್ಲೇ ಹಿಡಿದು ಕಾದಿದ್ದಳಂತೆ. ಹತ್ತೂ ಲೆಕ್ಕ ಮಾಡಿಟ್ಟಿದ್ದಳು, ಕಳಿಸಿದ್ದು ಮಾತ್ರ ನಾಲ್ಕು.)

ಪರೀಕ್ಷೆಯ ದಿನ ಸಾಹೇಬರೊಬ್ಬರು ವ್ಯಾಪಾರಿಯ ವೇಷ ಹಾಕಿ ಕುಳಿತು ಬೆಲೆ ಹೇಳಿದರಂತೆ. ಅಯಾಕಾ ನಕ್ಕು, ಎದ್ದು, ಲಿಫ್ಟಿನವರೆಗೂ ನಡೆದುಬಿಟ್ಟಳಂತೆ. ಸಾಹೇಬರೆಲ್ಲ "ಬಾರಮ್ಮಾ, ಬಾ" ಎಂದು ಹಿಂದೆ ಓಡಿದರಂತೆ. ಪಾಸು, ಅದೂ ಎಲ್ಲರಿಗಿಂತ ಮೇಲೆ!

ಮಾಸ್ತರರು ಓಣಿಗೆಲ್ಲ ಪೇಢೆ ಹಂಚಿದರು. ಆ ಹೊತ್ತಿಗೆ ಸರಿಯಾಗಿ ಕಂಪನಿಯ ಪರವಾಗಿ ಅಯಾಕಾಳ ಇಮೇಲು ಬಂತು. ಪೇಢೆ ತಿನ್ನುತ್ತಿದ್ದವರನ್ನೆಲ್ಲ ಕೂರಿಸಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದತೊಡಗಿದರು: "ನಮ್ಮ ಖರೀದಿ ವಿಭಾಗದ ಎಲ್ಲರಿಗೂ ಪಾಠ ಬೇಕಾಗಿದೆ. ಗೌರವಾನ್ವಿತ..."

ಅಲ್ಲಿಗೆ ದನಿ ನಿಂತಿತು.

"ಓದ್ರಿ, ಯಾಕ ನಿಂತ್ರಿ?"

"ಗೌರವಾನ್ವಿತ... ಬಿಬಿಜಾನ ಅವರು ಕಲಿಸಲು ಒಪ್ಪಬೇಕು," ಎಂದು ಮಾಸ್ತರರು ಹೇಗೋ ಮುಗಿಸಿ, ಸಂಬಳದ ಅಂಕಿಯನ್ನೂ ಓದಿದರು. ಓಣಿಯವರು ಹೌಹಾರಿದರು.

ಬಿಬಿಜಾನ ಮಾತ್ರ ಸೆರಗು ಕೊಡವಿ ಎದ್ದರು. "ಗಿಟ್ಟೂದಿಲ್ಲ, ಹೊಂಟ್ನಿ ಅಂತ ಬರೀರಿ." ಬರೆಯುವುದಲ್ಲದೆ ಮಾಸ್ತರರು ಇನ್ನೇನು ಮಾಡಿಯಾರು? ಆಕೆ ಅಡುಗೆಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಒಸಾಕಾ ಹಿಂದಿನಿಂದ ಕರೆಯಿತು, ಒಂದೂವರೆ ಪಟ್ಟು ಸಂಬಳಕ್ಕೆ!

ಜೊತೆಗೆ ಒಂದು ಸಾಲು: "ಆದರೆ ನಿಮ್ಮ ಸಂತೆಯಲ್ಲಿ ಕೊಂಡದ್ದರ ಮೇಲೆ ಒಂದಿಷ್ಟು ಕೊಸರು ಪುಕ್ಕಟೆ ಹಾಕುತ್ತಾರಂತೆ, ಇಜಾಜ ಹೇಳಿದರು. ನೀವೇನು ಹಾಕುತ್ತೀರಿ?"

ಬಿಬಿಜಾನ ಮನೆಯನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಗಂಡನನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿದರು. "ಬರೀರಿ. ಕೊಸರಿಗೆ ನಮ್ಮ ಮಾಸ್ತರ್ನ ಕೊಡ್ತೇನಿ, ಅಕೌಂಟ್ಸ್ ಕಲಸ್ತಾರ."

ಮಾಸ್ತರರು ಅದನ್ನೂ ಬರೆದು ಕಳಿಸಿದರು. ಉತ್ತರ ಕೂಡಲೇ ಬಂತು.

"ಅದರ ಬದಲು ಕೊತ್ತಂಬರಿ ಇದೆಯೇ?"