ದ್ರಾಕ್ಷಾರಸದ ತೊಟ್ಟಿಯಲ್ಲಿ ಬೀಗರ ಕರೆ

ಹೆಂಡತಿಯನ್ನು ಜೀವನದಲ್ಲಿ ಒಮ್ಮೆಯಾದರೂ ದೊಡ್ಡ ಹೋಟೆಲಿಗೆ ಕರೆದೊಯ್ಯಬೇಕು ಎಂಬ ಸದ್ವಿಚಾರವೇ ನನ್ನ ಸಕಲ ಅನಿಷ್ಟಗಳಿಗೆ ಮೂಲ. ನಾನು ಲಿಂಗಸುಗೂರಿನಲ್ಲಿ ಬೈಕಿನ ಬಿಡಿಭಾಗ ಮಾರುವವನು. ಕ್ಲಚ್ ಪ್ಲೇಟಿನ ಬಗ್ಗೆ ನನಗೆ ತಿಳಿಯದ್ದೇನೂ ಇಲ್ಲ. ಆದ್ದರಿಂದ ಹೋಟೆಲುಗಳ ಬಗ್ಗೆಯೂ ತಿಳಿದಿದೆ ಎಂದುಕೊಂಡಿದ್ದೆ!

ಹಂಪಿ ಕಾಣುವ ಗುಡ್ಡದ ಮೇಲೆ ಹೊಸ ಹೋಟೆಲು. ಮೊಬೈಲಿಗೆ ಬಂದ ಅದರ ಜಾಹೀರಾತಿನಲ್ಲಿ ‘ದ್ರಾಕ್ಷಾ ಸ್ನಾನ’ ಎಂದಿತ್ತು.

“ದ್ರಾಕ್ಷಿಹಣ್ಣಿನ ಜಳಕ. ನಿನ್ನ ಮೊಣಕಾಲ ನೋವಿಗೂ ಚಲೋ,” ಎಂದೆ.

“ಹಣ್ಣು ತಿನ್ನಾಕ ಅದಾವ್ರೀ, ಜಳಕ ಮಾಡಾಕಲ್ಲ,” ಎಂದಳು ಹೆಂಡತಿ ಗಿರಿಜಾ.

ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಆಗಷ್ಟೇ ಮಗಳು ಸುಧಾಳಿಗೆ ಸಿಂಧನೂರಿನ ವೀರನಗೌಡರ ಮನೆಯ ಸಂಬಂಧ ಹೆಚ್ಚುಕಡಿಮೆ ಕೂಡಿಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಗೌಡರದು ಒಂದೇ ಮಾತು: “ಕುಡಿತಕ್ಕ ನನ್ನ ತಮ್ಮನ್ನ ಕಳಕೊಂಡೀವ್ರಿ. ಕುಡಿಯೋ ಮನಿ ಮಾತ್ರ ಬ್ಯಾಡ.” ನಾನು ಎದೆಯುಬ್ಬಿಸಿ, “ನಮ್ಮ ಮನ್ಯಾಗ ಅದರ ವಾಸನೀನೂ ಇಲ್ರಿ!” ಎಂದಿದ್ದೆ.

ಹೋಟೆಲಿನಲ್ಲಿ ದೀಪಕ್ಕೆ ಬಾಟಲಿ, ಹೂದಾನಿಗೆ ಬಾಟಲಿ, ತಲೆದಿಂಬಿನ ಮೇಲೂ ಬಾಟಲಿಯ ಕಸೂತಿ. “ಇದು ಹೋಟೆಲೋ, ಸೆರೆ ಅಂಗಡೀನೋ?” ಎಂದು ಗಿರಿಜಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸ್ನಾನದ ಕೋಣೆಯಲ್ಲಿ ದೊಡ್ಡ ಮರದ ತೊಟ್ಟಿ, ತುಂಬ ಕೆಂಪು ರಸ.

“ವೈನ್ ಸರ್,” ಎಂದಳು ಅಲ್ಲಿನ ಹುಡುಗಿ.

“ಒಂದೀಟು ಕಲಸೀರೇನವಾ?”

“ಪೂರ್ತಿ ಅದೇ ಸರ್.”

ಇಷ್ಟು ದೂರ ಬಂದು ಇಳಿಯದೆ ಹೋಗುವುದೇ? ಇಳಿದೆ. ಗಿರಿಜಾ ಹೊರಗೇ ಕುಳಿತಳು. ಕಿಟಕಿಯಾಚೆ ದೂರದಲ್ಲಿ ವಿರೂಪಾಕ್ಷನ ಗೋಪುರ ಕಂಡಿತು. ಭಕ್ತಿಯಿಂದ ಕೈಮುಗಿದೆ. ಯಾವುದರಲ್ಲಿ ಕುಳಿತು ಮುಗಿಯುತ್ತಿದ್ದೇನೆ ಎಂಬುದು ನೆನಪಾಗಿ ಕೈ ಇಳಿಸಿದೆ.

ಅಷ್ಟರಲ್ಲಿ ಪಕ್ಕದಲ್ಲಿಟ್ಟಿದ್ದ ಫೋನು ಕೂಗಿತು. ಒದ್ದೆ ಬೆರಳಿನಿಂದ ಒತ್ತಿದೆ. ಅದು ವಿಡಿಯೋ ಕರೆ! ನನಗೆ ಕಂಡದ್ದು ವೀರನಗೌಡರು, ಅವರ ಹೆಂಡತಿ, ಹಿಂದೆ ನಿಂತ ಮನೆಯ ಹಿರಿಯರು. ಅವರಿಗೆ ಕಂಡದ್ದು ಬರಿಮೈ ನಾನು, ಹಿಂದೆ ಸಾಲು ಬಾಟಲಿ.

“ಎಲ್ಲಿ ಅದೀರಿ ಬೀಗರ?”

“ಹಂಪ್ಯಾಗ್ರಿ! ದೇವರ ದರ್ಶನಕ್ಕ ಬಂದೀವ್ರಿ!”

“ಆ ಬಾಟ್ಲಿ?”

“ನಾ ಕುಡ್ಯಾಕತ್ತಿಲ್ರಿ! ಬರೇ ಅದರಾಗ ಕುಂತೀನ್ರಿ!”

“ಯಾದರಾಗ?”

ಉತ್ತರ ಕೊಡುವ ಮೊದಲೇ ಫೋನು ಜಾರಿ ತೊಟ್ಟಿಗೆ ಬಿದ್ದು ಪ್ರಾಣ ಬಿಟ್ಟಿತು.

ಖುದ್ದಾಗಿ ಹೋಗಿ ವಿವರಿಸುವುದೊಂದೇ ದಾರಿ. ಮೈ ತೊಳೆಯುವಷ್ಟೂ ವ್ಯವಧಾನವಿಲ್ಲದೆ ಬಟ್ಟೆ ಏರಿಸಿಕೊಂಡು ಗಂಗಾವತಿಗೆ ಬಂದು ಸಿಂಧನೂರಿನ ಬಸ್ಸು ಹತ್ತಿದೆವು. ಕಂಡಕ್ಟರ್ ಮೂಸಿ ನೋಡಿ, “ಕಾಕಾ, ಹಿಂದ ಕಿಟಕಿ ಬಾಜು ಕುಂಡ್ರು. ವಾಂತಿ ಬಂದ್ರ ಹೊರಗ ಮಾಡು,” ಎಂದ. ಗಿರಿಜಾ ಮುಂದೆ ಹೋಗಿ ಕುಳಿತಳು. ಪಕ್ಕದವಳು ನನ್ನತ್ತ ತೋರಿಸಿ, “ನಿಮ್ಮವ್ರೇನು?” ಎಂದು ಕೇಳಿದಳು.

“ನಂಗೊತ್ತಿಲ್ಲವಾ,” ಎಂದಳು ನನ್ನ ಧರ್ಮಪತ್ನಿ.

ಆದರೆ ಗೌಡರ ಪಡಸಾಲೆಯಲ್ಲಿ ಅವಳೇ ನನ್ನ ಪರ ನಿಂತಳು. “ತಾಳಿ ಆಣಿ ಮಾಡಿ ಹೇಳ್ತೀನ್ರಿ, ಇವ್ರು ಹನೀನೂ ಕುಡದಿಲ್ಲ. ಹಣ್ಣಿನ ಜಳಕ ಅಂತ ತಿಳದು ಇಳದಾರ. ಸೆರೆ ಅಂತ ಗೊತ್ತಾದ ಮ್ಯಾಲೂ ಇಳದಾರ!”

ಗೌಡರು ಎದ್ದು ನನ್ನ ಹತ್ತಿರ ಬಂದರು. ಆಮೇಲೆ ಹೆಗಲ ಮೇಲೆ ಕೈಯಿಟ್ಟರು. “ನಂಬೀನ್ರಿ. ನೀವು ಕುಡ್ಯಾವ್ರಲ್ಲ.”

ನನ್ನ ಕಣ್ಣು ತುಂಬಿ ಬಂತು.

“ಕುಡ್ಯಾವ್ರಾಗಿದ್ರ ಬಿಡಸಬೋದಿತ್ರಿ,” ಎಂದರು ಗೌಡರು. “ಈ ಬುದ್ಧಿ ಹೆಂಗ ಬಿಡಸೂದು? ನಾಳೆ ಮೊಮ್ಮಕ್ಕಳು ನಿಮ್ಮಂಗಾದ್ರ?”

ಅವರ ಹೆಂಡತಿ ತಲೆ ತಗ್ಗಿಸಿ, “ಚಾ ಕುಡದು ಹೋಗ್ರಿ,” ಎಂದರು. ಕುಡಿದೆವು.

ಲಿಂಗಸುಗೂರಿನ ಬಸ್ಸಿನಲ್ಲೂ ಗಿರಿಜಾ ಮುಂದೆಯೇ ಹೋಗಿ ಕುಳಿತಳು.

ಮನೆಯ ಬಾಗಿಲಲ್ಲೇ ಸುಧಾ ನಿಂತಿದ್ದಳು. “ಏನಂದ್ರವಾ?”

“ನಿಮ್ಮಪ್ಪ ಕುಡ್ಯಾಂಗಿಲ್ಲ ಅಂತ ನಂಬ್ಯಾರ,” ಎಂದಳು ಗಿರಿಜಾ.

ಮಗಳ ಮುಖ ಅರಳಿತು. “ಮತ್ತ?”

ಮುಂದಿನದನ್ನು ಕೇಳುವ ಧೈರ್ಯವಿಲ್ಲದೆ ನಾನು ಹಿತ್ತಲಿಗೆ ಹೋದೆ. ಒಳಗಿಂದ ಸುಧಾ ಬಿಕ್ಕುವ ಸದ್ದು ಕೇಳಿಸಿತು. ಜೀವನದಲ್ಲಿ ಮೊದಲ ಸಲ ಕುಡಿಯಬೇಕು ಎನಿಸಿತು. ಆದರೆ ಅಂಗಡಿಗೆ ಹೋಗಿ ಏನು ಕೊಡಿ ಎಂದು ಕೇಳುವುದು? ನನಗೆ ಅದೂ ಗೊತ್ತಿಲ್ಲ!